ದೊಡ್ಡವರಿಗೆ ವಿಷನ್ ಥೆರಪಿ: ಯಾರಿಗೆ ಫಲ, ಯಾರಿಗೆ ಅಪಾಯ?

ಕಣ್ಣಿನ ಬಗ್ಗೆ ಬರುವ ಸುದ್ದಿಗಳನ್ನು ಓದಿದರೆ ತಲೆ ಕೆಡುತ್ತದೆ. ಸೋಮಾರಿ ಕಣ್ಣು (ಕನ್ನಡಕ ಹಾಕಿದರೂ ಪೂರ್ತಿ ನೋಟ ಬರದ ಕಣ್ಣು) ಸರಿಮಾಡುವ, ಕಣ್ಣಿಗೆ ಪರದೆಯಂತೆ ಕಟ್ಟಿಕೊಳ್ಳುವ ವಿಆರ್ ಹೆಡ್‌ಸೆಟ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು ಎಂದು ಒಂದು ಸುದ್ದಿ. ಕಣ್ಣಿನ ವ್ಯಾಯಾಮವೆಲ್ಲ ಸುಮ್ನೆ ದುಡ್ಡು ದಂಡ, ಅದಕ್ಕೆ ಪುರಾವೆಯೇ ಇಲ್ಲ ಎಂದು ನೇತ್ರತಜ್ಞರ ಮಾತು ಇನ್ನೊಂದು ಕಡೆ. ಇವುಗಳ ನಡುವೆ, ಚಿಕ್ಕಂದಿನಿಂದ ಜಗತ್ತನ್ನು ಚಪ್ಪಟೆಯಾಗಿಯೇ ನೋಡಿದ್ದ ಸೂಸನ್ ಬ್ಯಾರಿ ಎಂಬ ನರವಿಜ್ಞಾನಿಗೆ 48ನೇ ವಯಸ್ಸಿನಲ್ಲಿ ವಿಷನ್ ಥೆರಪಿಯಿಂದ, ಅಂದರೆ ಕಣ್ಣು–ಮಿದುಳಿಗೆ ಅಭ್ಯಾಸ ಮಾಡಿಸುವ ಚಿಕಿತ್ಸೆಯಿಂದ, ಹತ್ತಿರ–ದೂರ ತಿಳಿಯುವ ಆಳದ ನೋಟ ಬಂತು ಎಂಬ ಕಥೆ ಮತ್ತೆ ಮತ್ತೆ ಓಡಾಡುತ್ತಿರುತ್ತದೆ.

ಹೆಡ್‌ಸೆಟ್‌ಗೆ ಒಪ್ಪಿಗೆ ಸಿಕ್ಕಿದ್ದು ನಿಜ. ಸೂಸನ್ ಬ್ಯಾರಿ ಕಥೆಯೂ ನಿಜ. ನೇತ್ರತಜ್ಞರ ಗೊಣಗಾಟದಲ್ಲೂ ಸತ್ಯವಿದೆ. ಮೂರೂ ಒಟ್ಟಿಗೆ ನಿಜವಾಗುವುದು ಹೇಗೆ? ‘ವಿಷನ್ ಥೆರಪಿ’ ಎಂಬ ಒಂದೇ ಹೆಸರನ್ನು ಬೇರೆ ಬೇರೆ ತೊಂದರೆಗಳ ಬೇರೆ ಬೇರೆ ಚಿಕಿತ್ಸೆಗೆ ಅಂಟಿಸಿದ್ದಾರೆ. ಒಂದಕ್ಕೆ ಗಟ್ಟಿ ಪುರಾವೆಯಿದೆ, ಇನ್ನೊಂದಕ್ಕೆ ಅರೆಬರೆ, ಮತ್ತೊಂದಕ್ಕೆ ಏನೂ ಇಲ್ಲ. ಒಂದು ಗುಂಪಿನ ರೋಗಿಗಳಿಗಂತೂ ಅಪಾಯವೇ ಇದೆ.

ಎರಡು ಚಿತ್ರ ಒಂದಾಗುವ ಬಗೆ

ನಮ್ಮ ಎರಡು ಕಣ್ಣುಗಳ ನಡುವೆ ಸುಮಾರು 6 ಸೆಂಟಿಮೀಟರ್ ಅಂತರವಿದೆ. ಹಾಗಾಗಿ ಎರಡಕ್ಕೂ ಕಾಣುವ ಚಿತ್ರ ತುಸು ಬೇರೆ. ಮುಖದ ಮುಂದೆ ಬೆರಳು ಹಿಡಿದು ಒಮ್ಮೆ ಎಡಗಣ್ಣು, ಒಮ್ಮೆ ಬಲಗಣ್ಣು ಮುಚ್ಚಿ ನೋಡಿ. ಬೆರಳು ಆಚೆಗೊಮ್ಮೆ ಈಚೆಗೊಮ್ಮೆ ನೆಗೆಯುತ್ತದೆ. ಈ ಸಣ್ಣ ವ್ಯತ್ಯಾಸ ನೋಡಿಯೇ ಮಿದುಳು ಯಾವುದು ಹತ್ತಿರ, ಯಾವುದು ದೂರ ಎಂದು ಲೆಕ್ಕ ಹಾಕುತ್ತದೆ. 1838ರಲ್ಲಿ ಚಾರ್ಲ್ಸ್ ವೀಟ್‌ಸ್ಟೋನ್ ಎಂಬ ಇಂಗ್ಲಿಷ್ ವಿಜ್ಞಾನಿ ಎರಡು ಕನ್ನಡಿಗಳ ಒಂದು ಸಾಧನ ಮಾಡಿ ಇದನ್ನು ತೋರಿಸಿದರು. ಎರಡು ಚಪ್ಪಟೆ ಚಿತ್ರಗಳನ್ನು ಒಂದೊಂದು ಕಣ್ಣಿಗೆ ಒಂದೊಂದರಂತೆ ತೋರಿಸಿದರೆ ಮಿದುಳು ಅವೆರಡನ್ನೂ ಸೇರಿಸಿ ಉಬ್ಬಿದ ವಸ್ತುವೊಂದನ್ನು ಕಾಣುತ್ತದೆ. ಇವತ್ತಿನ ವಿಆರ್ ಹೆಡ್‌ಸೆಟ್ ಕೂಡ ಮಾಡುವುದು ಅದನ್ನೇ.

ಆದರೆ ಚಿತ್ರಗಳು ಒಂದಾಗಬೇಕಾದರೆ ಎರಡೂ ಕಣ್ಣು ಒಂದೇ ಜಾಗಕ್ಕೆ ಗುರಿ ಇಡಬೇಕು. ಒಂದೊಂದು ಕಣ್ಣಿಗೂ ಆರು ಸ್ನಾಯುಗಳು. ಅವುಗಳನ್ನು ಎಳೆದಾಡಿಸುವುದು ಮಿದುಳಿನಿಂದ ಬರುವ ಮೂರು ಜೊತೆ ನರಗಳು. ದೂರ ನೋಡುವಾಗ ಎರಡು ಕಣ್ಣೂ ಹೆಚ್ಚುಕಡಿಮೆ ನೇರಕ್ಕಿರುತ್ತವೆ. ಪುಸ್ತಕ ಕೈಗೆತ್ತಿಕೊಂಡ ತಕ್ಷಣ ಎರಡೂ ಮೂಗಿನ ಕಡೆ ತಿರುಗಬೇಕು. ಅದೇ ಹೊತ್ತಿಗೆ ಕಣ್ಣೊಳಗಿನ ಮಸೂರ ಉಬ್ಬಿ ಫೋಕಸ್ ಹತ್ತಿರಕ್ಕೆ ಬರಬೇಕು. ಈ ಎರಡು ಕೆಲಸಗಳಿಗೆ ಒಂದಕ್ಕೊಂದು ಗಂಟು ಹಾಕಿದಂತಿದೆ. ಒಂದನ್ನು ಎಳೆದರೆ ಇನ್ನೊಂದೂ ಬರುತ್ತದೆ. ಬೆಳಿಗ್ಗೆಯಿಂದ ಸಂಜೆವರೆಗೆ ಸಾವಿರಾರು ಸಲ ಇದು ನಡೆಯುತ್ತಿರುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ.

ಗೊತ್ತಾಗುವುದು ಎಡವಟ್ಟಾದಾಗ ಮಾತ್ರ.

‘ನಿಮ್ಮ ಕಣ್ಣು ಸರಿಯಾಗಿದೆ’ ಎನ್ನುವ ಉತ್ತರ

ಓದಲು ಕೂತ ಹತ್ತು ನಿಮಿಷಕ್ಕೆ ಹಣೆ ನೋವು. ಅಕ್ಷರಗಳು ಈಜಿದಂತೆ ಕಾಣುವುದು. ಓದಿದ ಸಾಲನ್ನೇ ಮತ್ತೆ ಓದುವುದು. ತನಗೇ ಗೊತ್ತಿಲ್ಲದೆ ಒಂದು ಕಣ್ಣಿಗೆ ಅಂಗೈ ಅಡ್ಡ ಇಡುವುದು. ಇಂಥವರು ಕಣ್ಣಿನ ಪರೀಕ್ಷೆಗೆ ಹೋದರೆ ತುಂಬ ಸಲ ಬರುವ ಉತ್ತರ ‘ಎಲ್ಲ ಸರಿಯಾಗಿದೆ’.

ಸುಳ್ಳೇನೂ ಅಲ್ಲ. ಮಾಮೂಲಿ ಪರೀಕ್ಷೆಯಲ್ಲಿ ಒಂದು ಕಣ್ಣು ಮುಚ್ಚಿ, ದೂರದ ಗೋಡೆಯ ಮೇಲಿನ ಅಕ್ಷರ ಓದಿಸುತ್ತಾರೆ. ಆಮೇಲೆ ಇನ್ನೊಂದು ಕಣ್ಣು. ಬೇರೆ ಬೇರೆಯಾಗಿ ನೋಡಿದರೆ ಎರಡೂ 6/6, ಅಂದರೆ ಸರಿಯಾದ ನೋಟ. ತೊಂದರೆ ಇರುವುದು ಎರಡೂ ಒಟ್ಟಿಗೆ ಕೆಲಸ ಮಾಡುವಾಗ, ಅದೂ ಹತ್ತಿರದ ಕೆಲಸದಲ್ಲಿ. ಜೋಡೆತ್ತಿನ ಕಷ್ಟವನ್ನು ಒಂಟಿ ಎತ್ತನ್ನು ನೋಡಿ ಅಳೆದಂತೆ ಇದು. ಹೀಗೆ ವರ್ಷಗಟ್ಟಲೆ ಕನ್ನಡಕದ ನಂಬರ್ ಬದಲಿಸುತ್ತಲೇ ಇರುವ ದೊಡ್ಡವರಿದ್ದಾರೆ.

ಇದರಲ್ಲಿ ಬಹಳ ಸಾಮಾನ್ಯವಾದ ತೊಂದರೆಗೆ ಕನ್ವರ್ಜೆನ್ಸ್ ಇನ್‌ಸಫಿಶಿಯೆನ್ಸಿ ಎನ್ನುತ್ತಾರೆ. ಹತ್ತಿರ ನೋಡುವಾಗ ಕಣ್ಣುಗಳು ಒಳಕ್ಕೆ ಬರಲು ಸೋಲುತ್ತವೆ, ಹೊರಕ್ಕೆ ಜಾರಲು ನೋಡುತ್ತವೆ. ಇದನ್ನು ಅಳೆಯುವ ಒಂದು ವಿಧಾನ ತೀರಾ ಸರಳ. ಒಂದು ಸಣ್ಣ ಗುರಿಯನ್ನು ಮೂಗಿನ ಕಡೆಗೆ ನಿಧಾನಕ್ಕೆ ತರುತ್ತಾ ಹೋಗುವುದು. ಯಾವ ಜಾಗದಲ್ಲಿ ಅದು ಎರಡಾಗಿ ಕಾಣುತ್ತದೋ ಅಥವಾ ಒಂದು ಕಣ್ಣು ಹೊರಕ್ಕೆ ಜಾರುತ್ತದೋ ಆ ದೂರವನ್ನು ಅಳೆಯುವುದು. ಸಾಮಾನ್ಯವಾಗಿ 6 ಸೆಂಟಿಮೀಟರ್ ಒಳಗೆ ಬರುವವರೆಗೂ ಒಂದಾಗಿಯೇ ಕಾಣಬೇಕು. ಈ ತೊಂದರೆ ಇದ್ದವರಿಗೆ 10, 15 ಸೆಂಟಿಮೀಟರಿನಲ್ಲೇ ಕೈ ತಪ್ಪಿಹೋಗುತ್ತದೆ. ಕಷ್ಟ ಎಷ್ಟಿದೆ ಎಂದು ತಿಳಿಯಲು 15 ಪ್ರಶ್ನೆಗಳ ಪಟ್ಟಿಯೊಂದಿದೆ, ಒಂದೊಂದಕ್ಕೆ 0ಯಿಂದ 4 ಅಂಕ. ದೊಡ್ಡವರಿಗೆ 21 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.

ಇದೊಂದು ಗುಂಪು. ಎರಡನೆಯ ಗುಂಪು, ಚಿಕ್ಕಂದಿನಿಂದ ಮಾಲುಗಣ್ಣು ಇರುವವರದು. ಮೂರನೆಯದು ಸೋಮಾರಿ ಕಣ್ಣಿನವರದು, ಅಂದರೆ ಕನ್ನಡಕ ಹಾಕಿದರೂ ಒಂದು ಕಣ್ಣಿನ ನೋಟ ಪೂರ್ತಿ ಬರದವರು. ನಾಲ್ಕನೆಯದು, ಇಷ್ಟು ದಿನ ಚೆನ್ನಾಗಿದ್ದು ದೊಡ್ಡವರಾದ ಮೇಲೆ ಎರಡೆರಡು ಕಾಣಲು ಶುರುವಾದವರದು. ಜಾಹೀರಾತಿನಲ್ಲಿ ಈ ನಾಲ್ವರನ್ನೂ ಒಂದೇ ಬೆಂಚಿನ ಮೇಲೆ ಕೂರಿಸುತ್ತಾರೆ. ಗೊಂದಲ ಹುಟ್ಟುವುದೇ ಅಲ್ಲಿ.

ಒಂದು ದಾರ, ಮೂರು ಮಣಿ

ಥೆರಪಿಯಲ್ಲಿ ಏನು ಮಾಡಿಸುತ್ತಾರೆ? ಒಂದೇ ಒಂದು ಸಾಧನವನ್ನು ಹತ್ತಿರದಿಂದ ನೋಡಿದರೆ ಸಾಕು, ಉಳಿದದ್ದರ ದಾರಿ ತಿಳಿಯುತ್ತದೆ. ಅದರ ಹೆಸರು ಬ್ರಾಕ್ ಸ್ಟ್ರಿಂಗ್. ಫ್ರೆಡರಿಕ್ ಬ್ರಾಕ್ ಎಂಬ ಆಪ್ಟೊಮೆಟ್ರಿಸ್ಟ್ (ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವ ತಜ್ಞ) ಹೆಸರಿನದು. ಒಂದು ಬಿಳಿ ದಾರ, ಅದರಲ್ಲಿ ಬೇರೆ ಬೇರೆ ಬಣ್ಣದ ಮೂರು ಮಣಿ, ಅಷ್ಟೇ. ದಾರದ ಒಂದು ತುದಿಯನ್ನು ಬಾಗಿಲ ಹಿಡಿಗೆ ಕಟ್ಟಿ, ಇನ್ನೊಂದು ತುದಿಯನ್ನು ಮೂಗಿನ ತುದಿಗೆ ಒತ್ತಿ ಹಿಡಿಯಬೇಕು. ಈಗ ನಡುವಿನ ಮಣಿಯನ್ನು ನೋಡಬೇಕು.

ಎರಡು ಕಣ್ಣೂ ಆ ಮಣಿಗೆ ಸರಿಯಾಗಿ ಗುರಿ ಇಟ್ಟಿದ್ದರೆ ಮಣಿ ಒಂದೇ ಕಾಣುತ್ತದೆ, ಆದರೆ ದಾರ ಎರಡಾಗಿ ಕಾಣುತ್ತದೆ. ಎರಡು ದಾರಗಳು ಸರಿಯಾಗಿ ಆ ಮಣಿಯ ಹತ್ತಿರ ಕತ್ತರಿಯಂತೆ ಒಂದನ್ನೊಂದು ದಾಟುತ್ತವೆ. ಹಿಂದಿನ ಮತ್ತು ಮುಂದಿನ ಮಣಿಗಳು ಎರಡೆರಡಾಗುತ್ತವೆ. ಇದು ತೊಂದರೆಯಲ್ಲ, ಹೀಗೇ ಕಾಣಬೇಕು. ದಾರಗಳು ದಾಟುವ ಜಾಗ ಮಣಿಗಿಂತ ಆಚೆ ಇದ್ದರೆ ಕಣ್ಣುಗಳು ಸಾಕಷ್ಟು ಒಳಕ್ಕೆ ಬಂದಿಲ್ಲ ಎಂದರ್ಥ. ಈಚೆ ಇದ್ದರೆ ಜಾಸ್ತಿ ಒಳಕ್ಕೆ ಬಂದಿವೆ. ಒಂದು ದಾರ ಇದ್ದಕ್ಕಿದ್ದಂತೆ ಮಾಯವಾದರೆ? ಆ ಕಣ್ಣಿನ ಚಿತ್ರವನ್ನು ಮಿದುಳು ಅದುಮಿಹಾಕಿದೆ.

ಅಂದರೆ ಈ ದಾರ ವ್ಯಾಯಾಮದ ಸಾಮಾನು ಅನ್ನುವುದಕ್ಕಿಂತ ಕನ್ನಡಿ ಅನ್ನುವುದು ಸರಿ. ಕಣ್ಣು ಎಲ್ಲಿಗೆ ಗುರಿ ಇಟ್ಟಿದೆ ಎಂದು ನಮಗೆ ಸಾಮಾನ್ಯವಾಗಿ ತಿಳಿಯುವುದಿಲ್ಲ. ದಾರ ಅದನ್ನು ತೋರಿಸಿಕೊಡುತ್ತದೆ. ತಪ್ಪು ಕಂಡರೆ ತಾನೇ ತಿದ್ದಿಕೊಳ್ಳಲು ಆಗುವುದು? ಜನ ಅಂದುಕೊಂಡಂತೆ ಇದು ಕಣ್ಣಿನ ಸ್ನಾಯುಗಳಿಗೆ ಕಸರತ್ತು ಮಾಡಿಸಿ ಬಲ ತುಂಬುವ ಕೆಲಸವಲ್ಲ. ಆ ಸ್ನಾಯುಗಳಲ್ಲಿ ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ ಬಲ ಮೊದಲೇ ಇದೆ. ಕಲಿಯಬೇಕಾದ್ದು ಮಿದುಳು. ಪ್ರಿಸಂ ಗಾಜು, ಫೋಕಸ್ ಬದಲಿಸುವ ಮಸೂರ, ಕೆಂಪು–ಹಸಿರು ಕನ್ನಡಕ, ಕಂಪ್ಯೂಟರ್ ಆಟ, ಇವೆಲ್ಲವೂ ಇದೇ ಪಾಠದ ಬೇರೆ ಬೇರೆ ರೂಪ.

ಜಗಳ ಶುರುವಾದದ್ದು ಎಲ್ಲಿ

19ನೇ ಶತಮಾನದಲ್ಲಿ ಮಾಲುಗಣ್ಣಿಗೆ ವ್ಯಾಯಾಮ ಶುರುಮಾಡಿದವರು ಫ್ರಾನ್ಸಿನ ನೇತ್ರವೈದ್ಯ ಎಮಿಲ್ ಝವಾಲ್. ಅಂದರೆ ಇದು ವೈದ್ಯರ ಮನೆಯಲ್ಲೇ ಹುಟ್ಟಿದ ಕೂಸು. ಮುಂದೆ ಬ್ರಿಟನ್‌ನಲ್ಲಿ ಮೇರಿ ಮ್ಯಾಡಕ್ಸ್ ಅವರಿಂದ, ಕಣ್ಣುಗಳ ಜೋಡಣೆಯ ತೊಂದರೆ ನೋಡಿಕೊಳ್ಳುವ ಆರ್ಥಾಪ್ಟಿಸ್ಟ್ ಎಂಬ ವೃತ್ತಿಯೇ ಬೆಳೆಯಿತು. ಅವರು ಇವತ್ತಿಗೂ ನೇತ್ರತಜ್ಞರ ಜೊತೆಗೇ ಕೆಲಸ ಮಾಡುತ್ತಾರೆ.

ಇನ್ನೊಂದು ಕವಲು ಅಮೆರಿಕದ ಆಪ್ಟೊಮೆಟ್ರಿಸ್ಟರಲ್ಲಿ ಬೆಳೆಯಿತು. ನೋಟ ಕಲಿತು ಬರುವ ವಿದ್ಯೆ, ಹಾಗಾಗಿ ಅದನ್ನು ಕಲಿಸಬಹುದು ಎನ್ನುವುದು ಇವರ ಮೂಲ ಮಾತು. ಮಾತು ಚೆನ್ನಾಗಿತ್ತು, ಆದರೆ ಹಿಗ್ಗುತ್ತಾ ಹೋಯಿತು. ಓದಲು ಕಷ್ಟಪಡುವ ಮಕ್ಕಳಿಗೆ ವಿಷನ್ ಥೆರಪಿ, ಗಮನ ನಿಲ್ಲದವರಿಗೆ ವಿಷನ್ ಥೆರಪಿ, ಆಟಗಾರರ ಚುರುಕಿಗೂ ವಿಷನ್ ಥೆರಪಿ. ಇದರ ಜೊತೆಗೆ 1920ರಲ್ಲಿ ವಿಲಿಯಂ ಬೇಟ್ಸ್ ಎಂಬ ನ್ಯೂಯಾರ್ಕಿನ ಕಣ್ಣಿನ ವೈದ್ಯರು ವ್ಯಾಯಾಮದಿಂದ ಕನ್ನಡಕವನ್ನೇ ಬಿಸಾಡಬಹುದು ಎಂದು ಪುಸ್ತಕ ಬರೆದಿದ್ದರು. ಅದು ಸುಳ್ಳೆಂದು ಎಂದೋ ತೀರ್ಮಾನವಾದರೂ ಅದರ ಮರಿಗಳು ಇನ್ನೂ ಫೋನಿನ ಪರದೆ ಮೇಲೆ ಓಡಾಡುತ್ತಿವೆ.

2009ರಲ್ಲಿ ಅಮೆರಿಕದ ಮಕ್ಕಳ ವೈದ್ಯರು ಮತ್ತು ನೇತ್ರತಜ್ಞರ ಸಂಘಗಳು ಸೇರಿ ಹೇಳಿಕೆ ಕೊಟ್ಟವು: ಡಿಸ್ಲೆಕ್ಸಿಯಾ (ಓದು ಕಲಿಯಲು ಆಗುವ ಕಷ್ಟ) ಭಾಷೆಗೆ ಸಂಬಂಧಿಸಿದ ತೊಂದರೆ, ಕಣ್ಣಿನ ವ್ಯಾಯಾಮ ಅದಕ್ಕೆ ಮದ್ದಲ್ಲ. ಈ ಹೇಳಿಕೆ ಸರಿಯೇ. ಆದರೆ ಇದನ್ನು ಅರ್ಧ ಓದಿದವರು ‘ವಿಷನ್ ಥೆರಪಿ ಸುಳ್ಳು’ ಎಂಬ ಒಂದೇ ಸಾಲು ಉಳಿಸಿಕೊಂಡರು. ಹೀಗೆ ಅತಿಯಾಗಿ ಹೇಳಿದವರಿಂದ ಕೆಟ್ಟ ಹೆಸರು, ಆ ಕೆಟ್ಟ ಹೆಸರಿನಿಂದ ನಿಜವಾಗಿ ಉಪಯೋಗ ಆಗಬಹುದಾದವರಿಗೆ ನಷ್ಟ.

ನಾಟಕದ ಚಿಕಿತ್ಸೆ ಹೇಳಿದ ಪಾಠ

ಕನ್ವರ್ಜೆನ್ಸ್ ಕೊರತೆಯ ಬಗ್ಗೆ ನಡೆದ ಒಂದು ದೊಡ್ಡ ಅಧ್ಯಯನ 2008ರಲ್ಲಿ ಪ್ರಕಟವಾಯಿತು. 9ರಿಂದ 17 ವರ್ಷದ 221 ಮಕ್ಕಳು, 12 ವಾರ, ನಾಲ್ಕು ಗುಂಪು. ಒಂದು ಗುಂಪಿಗೆ ಮನೆಯಲ್ಲೇ ಪೆನ್ಸಿಲನ್ನು ಮೂಗಿನ ಕಡೆ ತರುತ್ತಾ ನೋಡುವ ಹಳೇ ಅಭ್ಯಾಸ. ಇನ್ನೊಂದಕ್ಕೆ ಮನೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ, ಜೊತೆಗೆ ಪೆನ್ಸಿಲ್. ಮೂರನೆಯದಕ್ಕೆ ಕ್ಲಿನಿಕ್‌ನಲ್ಲಿ ಥೆರಪಿಸ್ಟ್ ಎದುರು ವಾರವಾರ ತರಬೇತಿ, ಉಳಿದ ದಿನ ಮನೆಯಲ್ಲಿ ಅಭ್ಯಾಸ. ನಾಲ್ಕನೆಯ ಗುಂಪು ಕುತೂಹಲದ್ದು. ಅವರಿಗೂ ಕ್ಲಿನಿಕ್, ಅವರಿಗೂ ಥೆರಪಿಸ್ಟ್, ಅವರಿಗೂ ಬಣ್ಣದ ಕನ್ನಡಕ. ಆದರೆ ಮಾಡಿಸಿದ್ದೆಲ್ಲ ನಾಟಕ. ಕಣ್ಣುಗಳ ಜೋಡಣೆಗೆ ಏನೂ ಕೆಲಸ ಇಲ್ಲದಂತೆ ಯೋಜಿಸಿದ್ದರು.

ಫಲಿತಾಂಶ ಹೀಗಿತ್ತು. ಕ್ಲಿನಿಕ್ ತರಬೇತಿಯ ಗುಂಪಿನಲ್ಲಿ ಗುಣ ಕಂಡವರು 73%. ಪೆನ್ಸಿಲ್ ಗುಂಪಿನಲ್ಲಿ 43%. ಮನೆಯ ಕಂಪ್ಯೂಟರ್ ಗುಂಪಿನಲ್ಲಿ 33%. ನಾಟಕದ ಗುಂಪಿನಲ್ಲಿ 35%.

ಕೊನೆಯ ಎರಡು ಅಂಕಿಗಳನ್ನು ಇನ್ನೊಮ್ಮೆ ನೋಡಿ. ಏನೂ ಮಾಡಿಸದ ಗುಂಪಿನಲ್ಲೂ ಮೂವರಲ್ಲಿ ಒಬ್ಬರಿಗೆ ಗುಣ ಕಂಡಿತು. ಯಾರೋ ನಮ್ಮ ಕಷ್ಟ ಕೇಳುತ್ತಿದ್ದಾರೆ ಎನ್ನುವ ಸಮಾಧಾನ, ತಾನಾಗಿ ಏರಿಳಿಯುವ ತೊಂದರೆ, ಚೆನ್ನಾಗಾಗಿದೆ ಎಂದು ಹೇಳಬೇಕೆನ್ನುವ ಆಸೆ, ಎಲ್ಲ ಸೇರಿ ಅಷ್ಟು ಕೆಲಸ ಮಾಡುತ್ತವೆ. ಹಾಗಾಗಿ ‘ನನಗೆ ಗುಣವಾಯಿತು’ ಎನ್ನುವ ಮಾತು ಎಷ್ಟೇ ಪ್ರಾಮಾಣಿಕವಾಗಿದ್ದರೂ ಒಂದು ಚಿಕಿತ್ಸೆಗೆ ಪುರಾವೆಯಾಗುವುದಿಲ್ಲ. ಮನೆಯ ಪೆನ್ಸಿಲ್ ಅಭ್ಯಾಸವಾಗಲಿ ಆ ಕಂಪ್ಯೂಟರ್ ಪ್ರೋಗ್ರಾಂ ಆಗಲಿ ನಾಟಕಕ್ಕಿಂತ ಸ್ಪಷ್ಟವಾಗಿ ಮೇಲಾಗಲಿಲ್ಲ. ಕ್ಲಿನಿಕ್ ತರಬೇತಿ ಮಾತ್ರ ಆಯಿತು. ಇಷ್ಟು ಕಟ್ಟುನಿಟ್ಟಾದ ಪರೀಕ್ಷೆ ದಾಟಿದ ಮೇಲೂ ‘ಪುರಾವೆಯೇ ಇಲ್ಲ’ ಎನ್ನುವುದು ಹಟ ಅಷ್ಟೇ.

ಆದರೆ ಅಲ್ಲಿದ್ದವರೆಲ್ಲ ಮಕ್ಕಳು, ಅಲ್ವಾ? ದೊಡ್ಡವರ ಲೆಕ್ಕ ಏನು?

ಇಲ್ಲಿ ಕಾಲಡಿಯ ನೆಲ ಅಷ್ಟು ಗಟ್ಟಿಯಿಲ್ಲ. 2005ರಲ್ಲಿ 19ರಿಂದ 30 ವರ್ಷದ 46 ಜನರ ಮೇಲೆ ಇಂಥದೇ ಒಂದು ಸಣ್ಣ ಅಧ್ಯಯನ ನಡೆದಿತ್ತು. ಕ್ಲಿನಿಕ್ ತರಬೇತಿ ಪಡೆದವರ ಕಣ್ಣುಗಳ ಕೂಡುವ ಶಕ್ತಿ ಅಳತೆಯಲ್ಲಿ ಹೆಚ್ಚಿತು. ಆದರೆ ತಲೆನೋವು, ಆಯಾಸದಂಥ ಕಷ್ಟಗಳು ಎಲ್ಲ ಗುಂಪಿನಲ್ಲೂ ಇಳಿದವು, ನಾಟಕದ ಗುಂಪಿನಲ್ಲೂ. ಅಳತೆಯಲ್ಲಿ ವ್ಯತ್ಯಾಸ ಕಂಡಿತು, ಅನುಭವದಲ್ಲಿ ಅಷ್ಟಾಗಿ ಕಾಣಲಿಲ್ಲ. 2020ರಲ್ಲಿ ಎಲ್ಲ ಅಧ್ಯಯನಗಳನ್ನೂ ಒಟ್ಟಿಗೆ ಇಟ್ಟು ತೂಗಿದ ಕಾಕ್ರೇನ್ (ವೈದ್ಯಕೀಯ ಪುರಾವೆಗಳನ್ನು ಪರಿಶೀಲಿಸುವ ಸಂಸ್ಥೆ) ವಿಮರ್ಶೆಯೂ ಇದನ್ನೇ ಹೇಳಿತು. ಮಕ್ಕಳಿಗೆ ಕ್ಲಿನಿಕ್ ತರಬೇತಿ ಉಳಿದವುಗಳಿಗಿಂತ ಮೇಲು. ದೊಡ್ಡವರ ವಿಷಯದಲ್ಲಿ ಅಷ್ಟು ಖಚಿತ ಉತ್ತರವಿಲ್ಲ.

ಇಲ್ಲಿ ಇನ್ನೊಂದು ಮಾತು. 2019ರಲ್ಲಿ, 2008ರ ಆ ಮಕ್ಕಳ ಅಧ್ಯಯನ ಮಾಡಿದ ತಂಡದವರದೇ ಮತ್ತೊಂದು ಅಧ್ಯಯನ ಬಂತು. 311 ಮಕ್ಕಳು, 16 ವಾರ. ಕಣ್ಣು ಸರಿಯಾದರೆ ಓದಿ ಅರ್ಥಮಾಡಿಕೊಳ್ಳುವ ಶಕ್ತಿ ಹೆಚ್ಚುತ್ತದೆಯೇ ಎಂದು ನೋಡಲು ಹೊರಟಿದ್ದರು. ಚಿಕಿತ್ಸೆ ಪಡೆದವರಿಗೂ ನಾಟಕದ ಗುಂಪಿಗೂ ಅದರಲ್ಲಿ ವ್ಯತ್ಯಾಸ ಬರಲಿಲ್ಲ. ತಮ್ಮ ಪರವಾಗಿಲ್ಲದ ಫಲಿತಾಂಶವನ್ನೂ ಅವರು ಮುಚ್ಚಿಡದೆ ಪ್ರಕಟಿಸಿದರು ಎನ್ನುವುದನ್ನು ಮೆಚ್ಚಬೇಕು. ‘ವಿಷನ್ ಥೆರಪಿ ಮಾಡಿಸಿದರೆ ಓದು ಬರುತ್ತದೆ’ ಎಂದು ಮಾರುವವರು ಈ ಅಧ್ಯಯನದ ಹೆಸರೆತ್ತುವುದಿಲ್ಲ.

ಮಾಲುಗಣ್ಣು: ಇಲ್ಲಿ ಹುಷಾರು

ಚಿಕ್ಕ ಮಗುವಿನ ಒಂದು ಕಣ್ಣು ಓರೆಯಾದರೆ ಎರಡು ಚಿತ್ರಗಳು ಸೇರುವುದಿಲ್ಲ. ಎರಡೆರಡು ಜಗತ್ತು ನೋಡುತ್ತಾ ಬದುಕುವುದು ಕಷ್ಟ. ಅದಕ್ಕೆ ಮಿದುಳು ಒಂದು ಉಪಾಯ ಮಾಡುತ್ತದೆ, ಓರೆಯಾದ ಕಣ್ಣಿನ ಚಿತ್ರವನ್ನು ಅದುಮಿಹಾಕುತ್ತದೆ. ಬೆಲೆಯಾಗಿ ಆಳದ ನೋಟ ಹೋಗುತ್ತದೆ. ಪ್ರತಿಯಾಗಿ ನೆಮ್ಮದಿ ಸಿಗುತ್ತದೆ.

ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಬೆಕ್ಕಿನ ಮರಿಗಳ ಮೇಲೆ ಪ್ರಯೋಗ ಮಾಡಿ, ಎಳೆಯ ವಯಸ್ಸಿನ ಒಂದು ಅವಧಿಯಲ್ಲಿ ಎರಡೂ ಕಣ್ಣಿನಿಂದ ಸರಿಯಾದ ನೋಟ ಸಿಗದಿದ್ದರೆ ಮಿದುಳಿನ ಜೋಡಣೆಯೇ ಬದಲಾಗುತ್ತದೆ ಎಂದು ತೋರಿಸಿದರು. 1981ರಲ್ಲಿ ಅವರಿಗೆ ನೊಬೆಲ್ ಬಂತು. ಈ ಅವಧಿ ಮುಗಿದ ಮೇಲೆ ಬಾಗಿಲು ಮುಚ್ಚಿತು ಎಂದು ಬಹಳ ಕಾಲ ನಂಬಿದ್ದರು. ಸೂಸನ್ ಬ್ಯಾರಿ ಕಥೆ ಅಷ್ಟು ದೊಡ್ಡ ಸುದ್ದಿಯಾದದ್ದು ಅದಕ್ಕೇ. ಮುಚ್ಚಿದೆ ಎಂದುಕೊಂಡ ಬಾಗಿಲು ಸ್ವಲ್ಪ ತೆರೆದಿತ್ತು.

ಆದರೆ ಆ ಕಥೆ ಹೇಳುವವರು ಒಂದು ವಿವರ ಬಿಟ್ಟುಬಿಡುತ್ತಾರೆ. ಬ್ಯಾರಿ ಅವರಿಗೆ ಚಿಕ್ಕಂದಿನಲ್ಲೇ ಮೂರು ಸಲ ಶಸ್ತ್ರಚಿಕಿತ್ಸೆಯಾಗಿ ಕಣ್ಣುಗಳು ನೋಡಲು ಬಹುಮಟ್ಟಿಗೆ ನೇರವಾಗಿದ್ದವು. ಥೆರಪಿಗೆ ಮುಂಚೆಯೇ ಎರಡು ಕಣ್ಣುಗಳು ಗುರಿ ಇಡುವ ಜಾಗಗಳ ಅಂತರ ಕಡಿಮೆಯಾಗಿತ್ತು. ದೊಡ್ಡ ಕೋನದಲ್ಲಿ ತಿರುಗಿರುವ ಕಣ್ಣನ್ನು ದಾರ, ಮಣಿಗಳಿಂದ ನೇರ ಮಾಡಲು ಆಗುವುದಿಲ್ಲ. ಅದಕ್ಕೆ ಶಸ್ತ್ರಚಿಕಿತ್ಸೆಯೇ ದಾರಿ. ದೊಡ್ಡವರಿಗೆ ಅದು ಬರೀ ಅಂದಕ್ಕೆ ಎನ್ನುವುದೂ ಹಳೆಯ ತಪ್ಪು. ಎರಡೆರಡು ಕಾಣುವುದು ನಿಲ್ಲುತ್ತದೆ, ಒಳಕ್ಕೆ ತಿರುಗಿದ್ದ ಕಣ್ಣು ಹೊರಕ್ಕೆ ಬಂದರೆ ನೋಟದ ಹರವೂ ಹಿಗ್ಗುತ್ತದೆ.

ಅಪಾಯ ಇರುವುದು ಇಲ್ಲಿಯೇ. ಅದುಮಿಹಾಕಿದ ಚಿತ್ರವನ್ನು ಮತ್ತೆ ಎಬ್ಬಿಸುವ ಅಭ್ಯಾಸಗಳಿವೆ. ಕೆಂಪು–ಹಸಿರು ಕನ್ನಡಕದ ಆಟ, ಒಂದು ಕಣ್ಣಿಗೆ ಒಂದು ಚಿತ್ರ ತೋರಿಸುವ ಹೆಡ್‌ಸೆಟ್, ಇವು ಅಂಥವು. ಮಿದುಳಿಗೆ ಎರಡು ಚಿತ್ರ ಸೇರಿಸುವ ಶಕ್ತಿಯೇ ಇಲ್ಲದವರಲ್ಲಿ ಅದುಮಿದ್ದನ್ನು ಎಬ್ಬಿಸಿದರೆ ಏನಾಗುತ್ತದೆ? ಎರಡು ಚಿತ್ರವೂ ಎದ್ದು ನಿಲ್ಲುತ್ತವೆ, ಒಂದಾಗುವುದಿಲ್ಲ. ಮೆಟ್ಟಿಲು ಇಳಿಯುವಾಗ ಎರಡು ಮೆಟ್ಟಿಲು, ರಸ್ತೆಯಲ್ಲಿ ಎರಡು ಗಾಡಿ. ಅಭ್ಯಾಸ ನಿಲ್ಲಿಸಿದರೂ ಅದು ಹಿಂದಕ್ಕೆ ಹೋಗದಿರಬಹುದು. ಆಗ ಉಳಿಯುವ ದಾರಿ ಒಂದು ಕಣ್ಣಿಗೆ ಮಬ್ಬು ಗಾಜು ಹಾಕಿಕೊಂಡು ಬದುಕುವುದು. ಇದು ಅಪರೂಪ, ಆದರೆ ಆದವರಿಗೆ ಬದುಕೇ ಬದಲಾಗಿಬಿಡುತ್ತದೆ.

ಇದಕ್ಕೇ ಆರ್ಥಾಪ್ಟಿಸ್ಟರು ಮೊದಲು ಬಣ್ಣದ ಗಾಜಿನ ಪಟ್ಟಿಯೊಂದನ್ನು ಹಿಡಿದು, ಮಿದುಳು ಎಷ್ಟು ಬಲವಾಗಿ ಚಿತ್ರವನ್ನು ಅದುಮಿದೆ ಎಂದು ಅಳೆಯುತ್ತಾರೆ. ತೆಳುವಾಗಿ ಅದುಮಿದ್ದರೆ ಮುಟ್ಟದೆ ಬಿಡುವುದೂ ಉಂಟು. ಫೋನಿನ ಆ್ಯಪ್ ಹೀಗೆ ಅಳೆದು ನೋಡುವುದಿಲ್ಲ. ‘ಮಾಲುಗಣ್ಣಿಗೆ ಮನೆಯಲ್ಲೇ ಪರಿಹಾರ’ ಎನ್ನುವ ಆ್ಯಪುಗಳ ಬಗ್ಗೆ ಇರುವ ದೊಡ್ಡ ತಕರಾರು ಇದೇ.

ಸೋಮಾರಿ ಕಣ್ಣು ಮತ್ತು ಹೆಡ್‌ಸೆಟ್ ಸುದ್ದಿ

ಎಫ್‌ಡಿಎ ಸುದ್ದಿಗೆ ಬರೋಣ. ಲುಮಿನೋಪಿಯಾ ಎಂಬ ಹೆಡ್‌ಸೆಟ್‌ಗೆ 2021ರಲ್ಲಿ ಒಪ್ಪಿಗೆ ಸಿಕ್ಕಿತು. ಒಳ್ಳೆಯ ಕಣ್ಣಿಗೆ ಕಾಣುವ ವಿಡಿಯೊವನ್ನು ಮಂಕು ಮಾಡಿ, ಎರಡೂ ಕಣ್ಣು ಸೇರಿದರೆ ಮಾತ್ರ ಪೂರ್ತಿ ಚಿತ್ರ ಕಾಣುವಂತೆ ಮಾಡುವುದು ಅದರ ತಂತ್ರ. 105 ಮಕ್ಕಳ ಅಧ್ಯಯನದಲ್ಲಿ 12 ವಾರಕ್ಕೆ ಸೋಮಾರಿ ಕಣ್ಣಿನ ನೋಟ ಅಕ್ಷರ ಫಲಕದಲ್ಲಿ ಸರಾಸರಿ 1.8 ಸಾಲು ಸುಧಾರಿಸಿತು. ಬರೀ ಕನ್ನಡಕ ಹಾಕಿದವರಿಗೆ 0.8 ಸಾಲು. ಒಳ್ಳೆಯ ಫಲವೇ. ಆದರೆ ಆಗ ಸಿಕ್ಕ ಒಪ್ಪಿಗೆ 4ರಿಂದ 7 ವರ್ಷದ ಮಕ್ಕಳಿಗೆ ಮಾತ್ರ ಆಗಿತ್ತು. ಸುದ್ದಿ ಹಂಚುವಾಗ ವಯಸ್ಸಿನ ಅಂಕಿ ಎಲ್ಲೋ ಬಿದ್ದುಹೋಗುತ್ತದೆ, 40 ದಾಟಿದವರೂ ಹೆಡ್‌ಸೆಟ್ ವಿಚಾರಿಸುತ್ತಾರೆ.

ದೊಡ್ಡವರ ಮೇಲೂ ಪ್ರಯತ್ನ ಆಗಿದೆ. 2013ರಲ್ಲಿ ರಾಬರ್ಟ್ ಹೆಸ್ ಅವರ ತಂಡ 18 ವಯಸ್ಕರಿಗೆ ದಿನಕ್ಕೊಂದು ತಾಸಿನಂತೆ ಎರಡು ವಾರ ಟೆಟ್ರಿಸ್ ಎಂಬ ವಿಡಿಯೊ ಆಟ ಆಡಿಸಿತು. ಬೀಳುವ ತುಂಡುಗಳು ಒಂದು ಕಣ್ಣಿಗೆ, ಕೆಳಗಿನ ರಾಶಿ ಇನ್ನೊಂದು ಕಣ್ಣಿಗೆ ಕಾಣುವಂತೆ ಮಾಡಿದ್ದರು. ನೋಟ ಸುಧಾರಿಸಿತು, ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಐದು ವರ್ಷದ ಮೇಲೆ, 2018ರಲ್ಲಿ, ದೊಡ್ಡ ಮಕ್ಕಳು ಮತ್ತು ವಯಸ್ಕರು ಸೇರಿ 115 ಜನರಲ್ಲಿ ಒಂದು ಗುಂಪಿಗೆ ಅಂಥದೇ ಆಟವನ್ನು ಮನೆಯಲ್ಲಿ ಆಡಿಸಿ, ಉಳಿದವರಿಗೆ ನಾಟಕದ ಆಟ ಕೊಟ್ಟು ಹೋಲಿಸಿದರು. ಎರಡಕ್ಕೂ ವ್ಯತ್ಯಾಸ ಬರಲಿಲ್ಲ. ಈ ಎರಡನೆಯ ಸುದ್ದಿ ನಿಮ್ಮ ಕಿವಿಗೆ ಬಿದ್ದಿತ್ತೇ? ಬಿದ್ದಿರುವುದು ಕಡಿಮೆ.

ಹಾಗೆಂದು ಮಿದುಳು ಒಂದು ಹುಟ್ಟುಹಬ್ಬಕ್ಕೆ ಬೀಗ ಹಾಕಿಕೊಳ್ಳುತ್ತದೆ ಎಂದೂ ಅಲ್ಲ. ಒಳ್ಳೆಯ ಕಣ್ಣನ್ನು ಕಳೆದುಕೊಂಡ ಕೆಲವರಲ್ಲಿ ಇಳಿವಯಸ್ಸಿನಲ್ಲೂ ಸೋಮಾರಿ ಕಣ್ಣಿನ ನೋಟ ತಾನಾಗಿ ಹೆಚ್ಚಿದ ಉದಾಹರಣೆಗಳಿವೆ. ಶಕ್ತಿ ಒಳಗೆ ಇದೆ, ಅದನ್ನು ಎಬ್ಬಿಸುವ ಭರವಸೆಯ ದಾರಿ ದೊಡ್ಡವರ ಮಟ್ಟಿಗೆ ಇನ್ನೂ ಕೈಗೆ ಸಿಕ್ಕಿಲ್ಲ.

ಇದ್ದಕ್ಕಿದ್ದಂತೆ ಎರಡೆರಡು ಕಂಡರೆ

ನಾಲ್ಕನೆಯ ಗುಂಪಿಗೆ ಈ ಚರ್ಚೆಯೇ ಸಂಬಂಧವಿಲ್ಲ. ಅವರಿಗೆ ಮೊದಲು ಬೇಕಾದ್ದು ಕಾರಣ. ಒಂದು ಕಣ್ಣು ಮುಚ್ಚಿದರೂ ಎರಡಾಗಿಯೇ ಕಂಡರೆ ತೊಂದರೆ ತೆರೆದಿರುವ ಕಣ್ಣಿನೊಳಗೇ ಇದೆ, ಪೊರೆ ಇರಬಹುದು. ಯಾವ ಕಣ್ಣು ಮುಚ್ಚಿದರೂ ಒಂದಾಗಿ ಕಂಡರೆ ಜೋಡಣೆ ತಪ್ಪಿದೆ. ಸಕ್ಕರೆ ಕಾಯಿಲೆಯಿಂದ ನರ ಸೋತಿರಬಹುದು, ಥೈರಾಯ್ಡ್ ತೊಂದರೆಯಿಂದ ಸ್ನಾಯು ಊದಿರಬಹುದು, ವಯಸ್ಸಾಗಿ ಕಣ್ಣಿನ ಸುತ್ತಲಿನ ಅಂಗಾಂಶ ಜೋತಿರಬಹುದು. ಎರಡೆರಡು ಕಾಣುವುದರ ಜೊತೆ ರೆಪ್ಪೆ ಜೋತು, ಒಂದು ಪಾಪೆ ದೊಡ್ಡದಾಗಿ, ತಲೆ ಸಿಡಿಯುತ್ತಿದ್ದರೆ ಮಿದುಳಿನ ರಕ್ತನಾಳ ಉಬ್ಬಿರುವ ಸಾಧ್ಯತೆ ಇದೆ. ಅದು ಆ ಗಂಟೆಯಲ್ಲೇ ಆಸ್ಪತ್ರೆಗೆ ಓಡಬೇಕಾದ ಸ್ಥಿತಿ.

ಇಲ್ಲಿ ಒಂದು ಮೋಸವೂ ಅಡಗಿದೆ. ಸಕ್ಕರೆ ಕಾಯಿಲೆಯಿಂದ ಸೋತ ನರ ಬಹಳ ಜನರಲ್ಲಿ ಸುಮಾರು ಮೂರು ತಿಂಗಳಿಗೆ ತಾನಾಗಿ ಚೇತರಿಸಿಕೊಳ್ಳುತ್ತದೆ. ಆ ಮೂರು ತಿಂಗಳು ಯಾವುದೋ ಕಣ್ಣಿನ ವ್ಯಾಯಾಮ ಮಾಡಿದ್ದರೆ ಹೆಸರು ವ್ಯಾಯಾಮಕ್ಕೆ ಬರುತ್ತದೆ. ಪಕ್ಕದಲ್ಲಿದ್ದ ಕಾರಣಕ್ಕೆ ಹಾರ ಹಾಕಿಸಿಕೊಂಡಂತೆ.

ಮುಂದೆ ಏನಾಗಬಹುದು

ಪರದೆ ನೋಡುವ ತಾಸುಗಳು ಹೆಚ್ಚುತ್ತಿವೆ, ಹತ್ತಿರದ ನೋಟದ ಕಷ್ಟ ಹೇಳಿಕೊಳ್ಳುವವರೂ ಹೆಚ್ಚುತ್ತಾರೆ. ಹೆಡ್‌ಸೆಟ್ ಅಗ್ಗವಾದಂತೆ ಥೆರಪಿ ಕ್ಲಿನಿಕ್‌ನಿಂದ ಮನೆಗೆ ಜಾರುತ್ತದೆ. ಅಲ್ಲಿ ಸಿಕ್ಕಿಹಾಕಿಕೊಳ್ಳುವುದು ಹಳೆಯ ಲೆಕ್ಕವೇ. ಮಕ್ಕಳಲ್ಲೇ ಗೆದ್ದದ್ದು ಎದುರಿಗೆ ಕೂತು ತಿದ್ದುವ ಮನುಷ್ಯ ಇದ್ದ ಗುಂಪು, ಮನೆಯ ಕಂಪ್ಯೂಟರ್ ಅಲ್ಲ. ಹೊಸ ಸಾಧನಗಳು ಆ ಮನುಷ್ಯನ ಕೆಲಸ ಮಾಡಬಲ್ಲವು ಎಂದು ತೋರಿಸುವ ಹೊಣೆ ಮಾರುವವರದು.

ದೊಡ್ಡವರ ಮೇಲೆ ದೊಡ್ಡ ಅಧ್ಯಯನ ಬರುವವರೆಗೆ ನೇತ್ರತಜ್ಞರು ‘ಪುರಾವೆ ಕಡಿಮೆ’ ಎನ್ನುತ್ತಾರೆ, ಆಪ್ಟೊಮೆಟ್ರಿಸ್ಟರು ‘ಮಕ್ಕಳಿಗೆ ಆದದ್ದು ಇವರಿಗೇಕೆ ಆಗದು’ ಎನ್ನುತ್ತಾರೆ. ಎರಡೂ ಮಾತಿನಲ್ಲಿ ತರ್ಕವಿದೆ. ಕನ್ವರ್ಜೆನ್ಸ್ ಕೊರತೆಗಾದರೆ ಪ್ರಯತ್ನಿಸಿ ನೋಡಬಹುದು. ಅಪಾಯ ಕಡಿಮೆ, ಗೆಲ್ಲುವ ಸಾಧ್ಯತೆ ಇದೆ. ಚಾಳೀಸು ಬಂದವರಿಗೆ ಓದುವ ಕನ್ನಡಕದಲ್ಲೇ ಪ್ರಿಸಂ ಸೇರಿಸುವ ದಾರಿಯೂ ಇದೆ. ಪ್ರಿಸಂ ಬೆಳಕನ್ನು ಬಾಗಿಸುತ್ತದೆ, ಕಣ್ಣು ಅಷ್ಟು ಒಳಕ್ಕೆ ಬರಬೇಕಿಲ್ಲ. ಮಕ್ಕಳಲ್ಲಿ ಇಂಥ ಕನ್ನಡಕ ಸಾದಾ ಕನ್ನಡಕಕ್ಕಿಂತ ಮೇಲಾಗಲಿಲ್ಲ, ಆದರೆ ಚಾಳೀಸಿನವರ ಒಂದು ಸಣ್ಣ ಅಧ್ಯಯನದಲ್ಲಿ ಕಷ್ಟ ಕಡಿಮೆಯಾಯಿತು. ಮಕ್ಕಳ ಫಲಿತಾಂಶವನ್ನು ದೊಡ್ಡವರಿಗೆ ಹಾಗೇ ಹೊರಿಸಲಾಗದು ಎನ್ನುವುದಕ್ಕೆ ಇದೂ ಒಂದು ಉದಾಹರಣೆ.

ಥೆರಪಿಗೆ ಸೇರುವವರು ಕೇಳಬೇಕಾದ ಪ್ರಶ್ನೆಗಳೂ ಇದರಲ್ಲೇ ಇವೆ. ನನ್ನ ತೊಂದರೆಯ ಹೆಸರೇನು? ಶುರುಮಾಡುವ ದಿನ, ಮೂಗಿನ ಕಡೆ ತಂದ ಗುರಿ ಎಷ್ಟು ಸೆಂಟಿಮೀಟರಿನಲ್ಲಿ ಎರಡಾಯಿತು? ಪ್ರಶ್ನೆಪಟ್ಟಿಯಲ್ಲಿ ನನ್ನ ಅಂಕ ಎಷ್ಟು? ಉತ್ತರವನ್ನು ಕಾಗದದ ಮೇಲೆ ಬರೆದು ಕೊಡುವವರ ಹತ್ತಿರ ಹೋಗುವುದು ವಾಸಿ. 12 ವಾರ ಕಳೆದ ಮೇಲೆ ಅದೇ ಅಳತೆ ಮತ್ತೆ ತೆಗೆಯಬೇಕು. 14 ಸೆಂಟಿಮೀಟರ್ ಇದ್ದದ್ದು 6ಕ್ಕೆ ಬಂದು, ಅಂಕ 21ರ ಕೆಳಗೆ ಇಳಿದಿದ್ದರೆ ಥೆರಪಿ ಅಲ್ಲಿಗೆ ಮುಗಿಸಬಹುದು. ಏನೂ ಬದಲಾಗಿಲ್ಲದಿದ್ದರೂ ಅಷ್ಟೇ, ಇನ್ನೊಂದು 12 ವಾರಕ್ಕೆ ಸಹಿ ಹಾಕುವ ಮೊದಲು ಬೇರೆಯವರಿಗೆ ತೋರಿಸಬೇಕು.